ಒಬ್ಬನನ್ನು ಬಿಟ್ಟು ಎಲ್ಲರನ್ನೂ ಕರೆದವರು

ಜಮಖಂಡಿಯಲ್ಲಿ ಅವರ ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋದಾಗ ನಾವು ನಾಲ್ಕೈದು ಜನ ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಬೇರೆ ಬೇರೆ ನಿಂತಿದ್ದೆವು. ವಕೀಲರು ಬೇವಿನ ಗಿಡದ ಕೆಳಗೆ, ಬೀಳಗಿ ಕಡೆಯ, ಗೋಡೆ ಕಟ್ಟುವ ಗೌಂಡಿ ಚಪ್ಪರದ ಕಂಬ ಹಿಡಿದುಕೊಂಡು, ನಾನು ಓಣಿಯ ಬಾಯಲ್ಲಿ. ಬೀಗರ ಪೈಕಿ ಹಿರಿಯರೊಬ್ಬರು ನನ್ನ ಹತ್ತಿರ ಬಂದರು.

"ಯಾವೂರವರ್ರಿ ನೀವು? ಹ್ಯಾಂಗ ಸಂಬಂಧ?"

"ಬನಹಟ್ಟಿಯಾಂವರಿ. ಅವರಿಗೆ ಸೀರಿ ಕೊಡ್ತಿದ್ನಿ."

ಹೆಂಡತಿ ತೀರಿಹೋದ ಮೇಲೆ ಅವರು ಒಂದು ಸೀರೆಯನ್ನೂ ಕೊಂಡವರಲ್ಲ. ಗೌಂಡಿಯನ್ನು ಕೇಳಿದಾಗ ಅವನು, "ಈ ಮನಿ ಗಿಲಾವ ನಾನ ಮಾಡಿದ್ನಿರಿ" ಅಂದ. ಆ ಮನೆಯ ಗೋಡೆಗೆ ಸಿಮೆಂಟು ಮೆತ್ತಿದ ಗಿಲಾವೇ ಇರಲಿಲ್ಲ. ಹಿರಿಯರು ಗೋಡೆಯನ್ನೊಮ್ಮೆ ಅವನನ್ನೊಮ್ಮೆ ನೋಡಿ ಮುಂದೆ ಹೋದರು. ನಗು ಬರುವಂಥ ಹೊತ್ತಲ್ಲ. ಆದರೂ ವಕೀಲರು ಬಾಯಿಗೆ ಕರವಸ್ತ್ರ ಹಿಡಿದದ್ದನ್ನು ನಾನು ಕಂಡೆ.

ನಮ್ಮೆಲ್ಲರ ಸಂಬಂಧ ಒಂದೇ. ರವಿವಾರ ಸಂಜೆ ಒಂದು ಸಾಲೆಯ ಕೋಣೆಯಲ್ಲಿ ಕುಡುಕರು ಕೂಡುತ್ತಿದ್ದೆವು, ಕುಡಿತ ಬಿಡುವ ಸಲುವಾಗಿ. ಆ ಕೋಣೆಯ ಬಾಗಿಲು ತೆಗೆಯುತ್ತಿದ್ದವರು ಅವರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕೇಳಿದ ಹೆಸರು ಅಲ್ಲೇ ಇರಬೇಕು ಎನ್ನುವುದು ಆ ಕೋಣೆಯ ಕಟ್ಟಳೆ. ಸತ್ತವರಿಗೂ ಅದು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಕೇಳೋಣವೆಂದರೆ ಹೇಳುವವರೇ ಹೋದರು.

ನಾನು ಬನಹಟ್ಟಿಯ ನೇಕಾರ. ಐದನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟು ಮಗ್ಗದ ಮುಂದೆ ನಿಂತವನು. ಇವತ್ತಿಗೂ ನಮ್ಮ ಓಣಿಯಲ್ಲಿ ಯಾರ ಮಗ್ಗದಲ್ಲಾದರೂ ಸೀರೆಯ ದಡಿ ಸೊಟ್ಟ ಬಂದರೆ ನನ್ನನ್ನೇ ಕರೆಯುತ್ತಾರೆ. ಇದು ಜಂಬ ಎನ್ನುವವರು ಎನ್ನಲಿ, ದುಡಿದು ಗಳಿಸಿದ ಜಂಬ. ಅಂಥ ಕೈ ನಡುಗತೊಡಗಿತು. ಹರಿದ ಎಳೆಗೆ ಗಂಟು ಹಾಕಬೇಕೆಂದರೆ ಬೆಳಿಗ್ಗೆ ಎದ್ದ ಕೂಡಲೇ ಒಂದಿಷ್ಟು ಒಳಗೆ ಹೋಗಬೇಕು, ಆಮೇಲೆ ಬೆರಳು ಮಾತು ಕೇಳುತ್ತಿದ್ದವು. ನಾನು ಕುಡಿಯುವುದು ಕೆಲಸದ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡು ಬಹಳ ದಿನ ತಳ್ಳಿದೆ.

ನಮ್ಮ ಕಡೆ ಕುಡಿತ ಬಿಡಿಸಲು ಎಲ್ಲರಿಗೂ ಗೊತ್ತಿರುವ ಔಷಧ ಒಂದೇ. ಮನೆದೇವರ ಮುಂದೆ ನಿಲ್ಲಿಸಿ, ದೇವರ ಭಂಡಾರ, ಅಂದರೆ ಅರಿಷಿಣದ ಪುಡಿಯನ್ನು ಅಂಗೈಗೆ ಹಾಕಿ, "ಇನ್ನು ಮುಟ್ಟುವುದಿಲ್ಲ" ಎಂದು ಹೇಳಿಸುವುದು. ಮುರಿದರೆ ಹೆಂಡತಿ ಮಕ್ಕಳಿಗೆ ಕೇಡು. ಆ ಅಂಜಿಕೆಯೇ ಅದರ ಬಲ. ನನ್ನ ಹೆಂಡತಿಯೂ ಮಾಡಿಸಿದಳು. ನಾನು ಭಂಡಾರ ಮುಟ್ಟಿದೆ, ಕೆಲವು ದಿನ ತಡೆದೆ, ಮುರಿದೆ. ಮುರಿದ ದಿನ ಕುಡಿದಷ್ಟು ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಹೇಗೂ ಕೆಟ್ಟದ್ದಾಗಿದೆ, ಇನ್ನು ಉಳಿಸಿಕೊಳ್ಳುವುದೇನು ಎನ್ನುವ ಹಾಗೆ ಕುಡಿದೆ.

ಕಡೆಗೆ ಹೊಟ್ಟೆನೋವು ತೋರಿಸಲು ಮುಧೋಳಕ್ಕೆ ಹೋದಾಗ ಅಲ್ಲಿಯ ಡಾಕ್ಟರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ ಹೇಳಿದರು: "ಜಮಖಂಡ್ಯಾಗ ರವಿವಾರ ಸಂಜಿಕ ನಿನ್ನಂಥವ್ರ ಕೂಡ್ತಾರ. ಒಂದ ಸಾಲ್ಯಾಗ. ಹೋಗಿ ಕುಂದರು, ಅಷ್ಟ."

"ಯಾವ ಸಾಲ್ಯಾಗ್ರಿ?"

"ಅಲ್ಲೆ ಕೇಳು, ಹೇಳ್ತಾರ."

ಕೇಳುವುದೇ ನನಗೆ ಆಗದ ಕೆಲಸ. ಮೊದಲ ರವಿವಾರ ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಪಾನಪಟ್ಟಿ ಅಂಗಡಿಯವನನ್ನು ಕೇಳಿದೆ: "ಇಲ್ಲೆ ರವಿವಾರ ಮೀಟಿಂಗ್ ಆಕ್ಕೈತಂತಲ್ಲ?"

"ಯಾವ ಮೀಟಿಂಗ್ರಿ? ಸೊಸೈಟಿದಾ?"

"ಹೂಂ, ಸೊಸೈಟಿದು" ಎಂದೆ. ಅವನು ದಾರಿ ಹೇಳಿದ. ನಾನು ಕೀಲಿ ಹಾಕಿದ ಸೊಸೈಟಿ ಆಫೀಸಿನ ಮುಂದೆ ಒಂದಿಷ್ಟು ಹೊತ್ತು ನಿಂತು, ಬನಹಟ್ಟಿ ಬಸ್ಸು ಹತ್ತಿ ತಿರುಗಿ ಬಂದೆ. ಆ ಸಂಜೆ ಕುಡಿದೆ.

ಮುಂದಿನ ರವಿವಾರ ಯಾರನ್ನೂ ಕೇಳದೆ ಸಾಲೆಗಳ ಮುಂದೆಲ್ಲ ತಿರುಗಿದೆ. ಒಂದು ಸಾಲೆಯ ಗೇಟಿನಲ್ಲಿ ಖಾಕಿ ಅಂಗಿ ಹಾಕಿದ, ಸಣ್ಣ ಆಳಿನ ಒಬ್ಬರು ಕಸಬರಿಗೆ ಹಿಡಿದು ನಿಂತಿದ್ದರು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದರು. ನಾನು ಅವರ ಮುಂದೆ ಒಮ್ಮೆ ಹಾದುಹೋದೆ, ಮತ್ತೊಮ್ಮೆ ಹಾದುಬಂದೆ. ಮೂರನೆಯ ಸಲ ಅವರೇ ಮಾತನಾಡಿಸಿದರು.

"ಏನ್ರಿ, ಸಾಲಿಗೆ ಹೆಸರ ಹಚ್ಚಾಕ ಬಂದೀರೇನ್ರಿ?"

"ಹೌದ್ರಿ" ಎಂದೆ.

"ಎಷ್ಟನೇತ್ತಾಕ್ರಿ?"

"ಐದನೇತ್ತಾಕ್ರಿ" ಎಂದೆ, ನಾನು ಬಿಟ್ಟ ಇಯತ್ತೆಯನ್ನೇ.

"ಐದನೇತ್ತಾ ಒಳಗೈತಿ. ಬರ್ರಿ, ಚಾ ಕಾಸೇವಿ."

ರವಿವಾರ ಸಂಜೆ ಯಾವ ಸಾಲೆಯೂ ಹೆಸರು ಹಚ್ಚಿಕೊಳ್ಳುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೆ ನಾನು ಕುಡುಕರ ಕೋಣೆಗೆ ಹೋಗಲಿಲ್ಲ; ಹೆಸರು ಹಚ್ಚಲು ಹೋದೆ. ಆಮೇಲೆ ತಿಳಿಯಿತು, ಅವರು ಪ್ರತಿ ವಾರವೂ ಹಾಗೆಯೇ ನಿಲ್ಲುತ್ತಿದ್ದರಂತೆ. ಕಸಬರಿಗೆ ಇಲ್ಲದೆ ಗೇಟಿನಲ್ಲಿ ನಿಂತರೆ ಯಾರನ್ನೋ ಕಾಯುತ್ತಾರೆ ಅನ್ನಿಸುತ್ತದೆ. ಕಾಯುವವರನ್ನು ಕಂಡರೆ ಹೊಸಬ ಹೆದರಿ ಹೋಗುತ್ತಾನೆ. ವಕೀಲರನ್ನು ಅವರು, "ಹಳೇ ಸರ್ಟಿಫಿಕೇಟ್ ಬೇಕಾಗಿತ್ತೇನ್ರಿ?" ಎಂದು ಕೇಳಿ ಒಳಗೆ ಕರೆದಿದ್ದರು. ಗೌಂಡಿಯನ್ನು, "ಗ್ವಾಡಿ ನೋಡಾಕ ಬಂದೀರೇನ್ರಿ?" ಎಂದು ಕೇಳಿದ್ದರು. ಅವನು ಬಂದವನೇ ನಿಜವಾಗಿಯೂ ಗೋಡೆ ನೋಡಿ, ಎಲ್ಲಿ ಬಿರುಕಿದೆ ಎಂದು ತೋರಿಸಿ, ಆಮೇಲೆ ಕುಳಿತನಂತೆ.

ಅವರು ಆ ಸಾಲೆಯ ಜವಾನರು. ಕೀಲಿ ಅವರ ಹತ್ತಿರ ಇರುತ್ತಿತ್ತು. ಆಗಿನ ಹೆಡ್‌ಮಾಸ್ತರರು ನೋಡಿಯೂ ನೋಡದ ಹಾಗೆ ಇದ್ದರು. ಹುಡುಗರ ಬೆಂಚುಗಳು, ಕುಳಿತರೆ ಮೊಣಕಾಲು ಗದ್ದಕ್ಕೆ ಬಡಿಯುತ್ತಿದ್ದವು. ನಾವು ಏಳೆಂಟು ಜನ ಗಂಡಸರು, ಮೀಸೆ ಬಂದವರು, ಬಣ್ಣದ ಮಗ್ಗಿಯ ಪಟದ ಕೆಳಗೆ ಕಾಲು ಮಡಚಿಕೊಂಡು ಕುಳಿತಿರುತ್ತಿದ್ದೆವು. ಅವರು ತಮ್ಮ ಟವೆಲಿನಿಂದ ಪ್ರತಿಯೊಬ್ಬರ ಬೆಂಚು ಒರೆಸಿ, ಚಹಾ ಕೊಡುತ್ತಿದ್ದರು. ಚಹಾ ಅರ್ಧ ಕಪ್ಪೇ. ಮೊದಲ ದಿನ ನಾನು, ಇವರು ಜುಗ್ಗರು ಎಂದುಕೊಂಡೆ. ಕೆಲವು ವಾರ ಕಳೆದ ಮೇಲೆ ಅದನ್ನು ಹೇಳಿಬಿಟ್ಟೆ. ಅವರು ನಕ್ಕರು.

"ಹೊಸಾ ಮಂದಿ ಕೈ ನಡಗತಾವ್ರಿ. ತುಂಬಿಸಿ ಕೊಟ್ರ ಚೆಲ್ತೈತಿ. ಚೆಲ್ಲಿದ್ರ ನಾಚಿಕಿ. ನಾಚಿಕಿ ಆದಾಂವ ಮುಂದಿನ ವಾರ ಬರೂದಿಲ್ಲ. ಬೇಕಾದ್ರ ಎರಡ ಸಲ ಕುಡೀರಿ, ಚಾ ಏನ್ ಕಡಿಮಿ ಐತೇನ?"

ಮಾತು ಶುರುಮಾಡುವವರು ಯಾವಾಗಲೂ ಅವರೇ. ಎದ್ದು ನಿಂತು, "ನಾನು ಕುಡುಕ. ಇವತ್ತ ಕುಡದಿಲ್ಲ" ಎಂದು ಹೇಳಿ ಕುಳಿತುಬಿಡುತ್ತಿದ್ದರು. ಭಾಷಣವಿಲ್ಲ. ಎಷ್ಟು ವರ್ಷವಾಯಿತೆಂದು ಕೇಳಿದರೆ, "ಇವತ್ತ ಮುಂಜಾನಿಂದ" ಅನ್ನುತ್ತಿದ್ದರು. ಅವರು ಕುಡಿದದ್ದೆಲ್ಲ ಬೀಳಗಿ ಸೀಮೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಜನ ದಿಕ್ಕಾಪಾಲಾಗಿ, ಇವರು ಜಮಖಂಡಿಗೆ ಬಂದು ನೌಕರಿ ಹಿಡಿದ ಮೇಲೆ ಮುಟ್ಟಿರಲಿಲ್ಲ.

"ನಾ ಕುಡದ ಬಿದ್ದ ಕಟ್ಟಿ, ಬಯ್ಸಿಕೊಂಡ ಓಣಿ, ಎಲ್ಲಾ ನೀರಾಗ ಹೋತ್ರಿ. ಈಗ ಸಾಕ್ಷಿನ ಇಲ್ಲ" ಎಂದು ಒಮ್ಮೆ ಹೇಳಿದರು.

"ಸಾಕ್ಷಿ ಇಲ್ಲಂದ್ರ ಕೇಸ್ ಬಿದ್ದಂಗ ಬಿಡ್ರಿ" ಎಂದರು ವಕೀಲರು.

"ಬೀಳೂದಿಲ್ರಿ ವಕೀಲ್ರ. ಬ್ಯಾಸಗ್ಯಾಗ ನೀರ ಇಳದಾಗ ನಮ್ಮ ಗುಡಿ ಕಳಸ ಕಾಣತೈತಿ."

ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ಆಣೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಒಬ್ಬ, ತನ್ನ ಹೆಂಡತಿಯ ಮೇಲೆ ಆಣೆ ಮಾಡಿ ಹೇಳುತ್ತೇನೆ ಎಂದು ಕೋಣೆಯಲ್ಲಿ ಎದ್ದು ನಿಂತಾಗ ಅವರು ಹೋಗಿ ಅವನ ಭುಜ ಹಿಡಿದು ಕೂರಿಸಿದರು. "ಬ್ಯಾಡೋ ತಮ್ಮಾ. ಆಣಿ ಮುರದಾಂವ ಎರಡ ಪಾಲ ಕುಡೀತಾನ. ಒಂದ ಚಟಕ್ಕ, ಒಂದ ಅಂಜಿಕಿಗೆ. ಇವತ್ತ ಸಂಜಿ ಊಟ ಆಗೂತನಾ ತಡಿ. ಉಂಡ ಮ್ಯಾಲ ನಿದ್ದಿ ಬರ್ತೈತಿ. ನಿದ್ದ್ಯಾಗ ಯಾರೂ ಕುಡ್ಯಾಂಗಿಲ್ಲ." ನನಗೆ ನನ್ನ ಭಂಡಾರದ ದಿನ ನೆನಪಾಯಿತು. ನನ್ನ ಹೊಟ್ಟೆಯೊಳಗಿನದನ್ನು ಯಾರೋ ಓದಿದ ಹಾಗಾಯಿತು. ನಾನು ಆ ಕೋಣೆಗೆ ಮತ್ತೆ ಮತ್ತೆ ಹೋದದ್ದು ಆ ಒಂದು ಮಾತಿನಿಂದ.

ಇಷ್ಟು ಓದಿದವರು, ಅಲ್ಲಿಗೆ ಬಂದವರೆಲ್ಲ ಉದ್ಧಾರವಾದರು ಎಂದುಕೊಳ್ಳಬಾರದು. ಬಂದವರಲ್ಲಿ ಮುಕ್ಕಾಲು ಜನ ಮತ್ತೆ ಕುಡಿದರು. ಕಬ್ಬಿನ ಗ್ಯಾಂಗಿನವನು ಎರಡು ವಾರ ಬಂದು ಕಾಣೆಯಾದ. ರಬಕವಿಯ ನನ್ನ ಗುರುತಿನವನೇ ಒಬ್ಬ ನನ್ನನ್ನು ಕೋಣೆಯಲ್ಲಿ ಕಂಡು ಬಾಗಿಲಿಂದಲೇ ತಿರುಗಿ ಹೋದ. ಆಮೇಲೆ ಅವನ ಲಿವರ್ ಕೆಟ್ಟು ಸತ್ತ ಸುದ್ದಿ ಬಂತು. ನಾನು ಉಳಿದದ್ದು ಏಕೆ, ಅವನು ಹೋದದ್ದು ಏಕೆ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಮಗ್ಗದಲ್ಲಿ ಎಳೆ ಯಾಕೆ ಹರಿಯಿತು ಎಂದು ಹೇಳಬಲ್ಲೆ. ಇದನ್ನು ಹೇಳಲಾರೆ.

ಆದರೆ ಅವರು ಕಾಯುತ್ತಿದ್ದದ್ದು ಬೇರೆ ಒಬ್ಬನನ್ನು.

ಅವರಿಗೆ ಒಬ್ಬಳೇ ಮಗಳು. ಲೋಕಾಪುರದ ಹತ್ತಿರ ಕೊಟ್ಟಿದ್ದರು. ಅಳಿಯ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹಂಗಾಮಿನಲ್ಲಿ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಿದ್ದ. ನಾನು ಅವನನ್ನು ನೋಡಿದ್ದೇನೆ. ಕೆಟ್ಟವನಲ್ಲ. ಮಾವನ ಮನೆಗೆ ಬರುವಾಗ ಗಾಣದಿಂದ ಬಿಸಿ ಬೆಲ್ಲವನ್ನು ಎಲೆಯಲ್ಲಿ ಕಟ್ಟಿಕೊಂಡು ತರುತ್ತಿದ್ದ, ಮಾವನಿಗೆ ಹಲ್ಲು ಕಡಿಮೆ ಎಂದು. ಆದರೆ ಬರುವಾಗ ಕುಡಿದೇ ಬರುತ್ತಿದ್ದ. ಕುಡಿದು ಹೆಂಡತಿಯನ್ನು ಹೊಡೆಯುತ್ತಿರಲಿಲ್ಲ, ಎಲ್ಲೆಂದರಲ್ಲಿ ಬೀಳುತ್ತಿದ್ದ. ಅವಳು ದೀಪ ಹಚ್ಚುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಅವನನ್ನು ಹುಡುಕಲು ಹೊರಡುತ್ತಿದ್ದಳು.

"ಅಳ್ಯಾ ಬಂದ ಅಂದ್ರ ನಾ ಎದ್ದ ನಿಲ್ಲಬೇಕ್ರಿ" ಎಂದು ಅವರು ಕೋಣೆಯಲ್ಲಿ ಹೇಳುತ್ತಿದ್ದರು. "ಕಾಲಿಗೆ ನೀರ ಕೊಡಬೇಕು, ಕಂಬಳಿ ಹಾಸಬೇಕು. ಓಣಿ ಆ ತುದ್ಯಾಗ ಇದ್ರೂ ನನಗ ವಾಸನಿ ಬಡಿತೈತಿ. ಆದ್ರ ಊರ ಮಂದಿಗೆಲ್ಲಾ ಹೇಳೂ ಈ ಬಾಯಿ, ಅವನ ಮುಂದ ಬರೇ 'ಇನ್ನೊಂದ ರೊಟ್ಟಿ ತಗೋರಿ ಅಳ್ಯಾರ' ಅಂತೈತಿ."

"ಹೇಳಿಬಿಡ್ರಿ ಮತ್ತ" ಎಂದ ಗೌಂಡಿ.

"ಮಗಳನ ಕೊಟ್ಟಾಂವಗ ನಾಲಿಗಿ ಗಿಡ್ಡ ಇರ್ತೈತೋ."

ಅದಷ್ಟೇ ಆಗಿದ್ದರೆ ದಾರಿ ಇತ್ತು. ನಾನೂ ವಕೀಲರೂ ಹೋಗಿ ಅಳಿಯನನ್ನು ಕರೆತರುತ್ತೇವೆ ಎಂದೆವು. ಆಗ ನಿಜವಾದ ತೊಡಕು ಹೊರಬಂತು. ಮದುವೆಯ ಮಾತುಕತೆಯಲ್ಲಿ ಬೀಗರು ಇವರನ್ನು, ಅಡಿಕೆಯ ಚೂರನ್ನೂ ಬಾಯಿಗೆ ಹಾಕದ ಮನುಷ್ಯ ಎಂದು ಮೆಚ್ಚಿಕೊಂಡಿದ್ದರು. ಅವರು ಹಾಗೆ ಮೆಚ್ಚಿದಾಗ ಇವರು ಸುಮ್ಮನಿದ್ದರು. ಆಮೇಲೆ ಅದೇ ಮಾತು ಮಗಳಿಗೆ ಆಸರೆಯಾಯಿತು. ಅತ್ತೆಯ ಮನೆಯಲ್ಲಿ ಅವಳಿಗೆ ಇದ್ದ ಬೆಲೆಯೆಂದರೆ, ಇಂಥವರ ಮಗಳು ಎನ್ನುವುದು. ಮಗ ಕುಡಿದು ಬಿದ್ದ ದಿನ ಅತ್ತೆಯೇ ಸೊಸೆಗೆ, "ಅಂಥಾ ಬಂಗಾರದಂಥಾ ಅಪ್ಪನ ಮನಿಯಿಂದ ಬಂದಿ, ನಿನಗ ಹಿಂಗಾತಲ್ಲ" ಎಂದು ತಲೆ ಸವರುತ್ತಿದ್ದಳಂತೆ. ಕೋಣೆಗೆ ಬಾ ಎಂದು ಅಳಿಯನನ್ನು ಕರೆದರೆ, ನಾನೂ ಅಲ್ಲಿಯವನೇ ಎಂದು ಹೇಳಬೇಕು. ಹೇಳಿದರೆ ಮಗಳ ಆ ಬೆಲೆ ಹೋಗುತ್ತದೆ.

ಗೇಟಿನಲ್ಲಿ ನಿಂತ ಯಾವ ಅಪರಿಚಿತನಿಗಾದರೂ ಒಳಗೆ ಬಂದ ಕೂಡಲೇ "ನಾನು ಕುಡುಕ" ಎನ್ನುತ್ತಿದ್ದವರು, ಆ ಒಬ್ಬನ ಮುಂದೆ ಅನ್ನಲಾರದೆ ಉಳಿದರು. ಅವನೇ ಒಂದು ದಿನ ಡಾಕ್ಟರ ಮಾತು ಕೇಳಿಯೋ ಮತ್ತೊಬ್ಬರಿಂದಲೋ ತಾನಾಗಿ ಬಂದಾನು ಎಂದು ಕಾಯ್ದರು. ಗೇಟಿನ ಮುಂದೆ ಟ್ರ್ಯಾಕ್ಟರ್ ಸದ್ದು ಆದಾಗಲೆಲ್ಲ ಚಹಾದ ಕಿಟ್ಲಿ ಕೆಳಗಿಟ್ಟು ಹೊರಗೆ ಹೋಗಿ ನೋಡಿ ಬರುತ್ತಿದ್ದರು. ಜಮಖಂಡಿಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸದ್ದಿಗೇನು ಬರ?

ಮೊಮ್ಮಗನ ಜವಳಕ್ಕೆ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯಕ್ಕೆ, ಅವರು ನನ್ನನ್ನು ಕರೆದುಕೊಂಡು ಹೋದರು. ಬೀಗರ ಊರಿನ ದೇವರ ಗುಡಿ. ನನ್ನನ್ನು ಪರಿಚಯ ಮಾಡಿಸಿದ್ದು ಬನಹಟ್ಟಿಯ ಸೀರೆಯವರು ಎಂದು. ಮಗುವಿನ ಕೂದಲು ತೆಗೆದದ್ದಾಯಿತು, ನೈವೇದ್ಯವಾಯಿತು. ಊಟಕ್ಕೆ ಏಳುವ ಹೊತ್ತಿಗೆ ಅಳಿಯನ ದೊಡ್ಡಪ್ಪ, ಮನೆತನದ ಹಿರಿಯ, ಎಲ್ಲರನ್ನೂ ನಿಲ್ಲಿಸಿದರು.

"ಕುಲದಾಗ ಒಂದ ಗಂಡ ಕೂಸ ಬಂದೈತಿ. ಇವತ್ತ ನಮ್ಮ ಹುಡುಗ ಭಂಡಾರಾ ಮುಟ್ಟಿ ಕುಡಿಯೂದ ಬಿಡಬೇಕು. ಪೂಜಾರಿ ಕೈಲೆ ಎರಡ ಸಲ ಆತು, ನಿಲ್ಲಲಿಲ್ಲ. ಈ ಸಲ ಬೀಗರ ಕೊಡ್ರಿ. ನಿಮ್ಮಂಥಾ ಸ್ವಚ್ಛ ಕೈ ನಮ್ಮ ಮಂದ್ಯಾಗ ಒಂದೂ ಇಲ್ಲ."

ಅವರು ಬೇಡ ಎನ್ನುವ ಹಾಗೆ ಕೈಯೆತ್ತಿದರು. "ನನ್ನ ಕೈಲೆ ಯಾಕ್ರಿ ಬೀಗರ. ದೇವರ ಭಂಡಾರಾ, ಪೂಜಾರಿನ ಕೊಡಲಿ."

ಆಗ ಅಳಿಯನೇ ಮುಂದೆ ಬಂದ. ಅಂದು ಅವನು ಕುಡಿದಿರಲಿಲ್ಲ. ತಲೆಗೆ ರುಮಾಲು ಸುತ್ತಿ, ಮಗನನ್ನು ಸೊಂಟದಲ್ಲಿ ಎತ್ತಿಕೊಂಡಿದ್ದ. "ಕೊಡ್ರಿ ಮಾವಾರ. ಬ್ಯಾರೆದವರ ಕೈಯಾಗಿಂದ ತಗೊಂಡ್ರ ನನಗ ಅಂಜಿಕಿ ಬರೂದಿಲ್ಲ. ನಿಮ್ಮ ಮಾರಿ ನೆನಪಾದ್ರ ಬಾಟ್ಲಿ ಕೆಳಗಿಡ್ತೇನಿ" ಎಂದ.

ಮಗಳು ಗುಡಿಯ ಕಂಬದ ಹತ್ತಿರ ನಿಂತಿದ್ದಳು. ಅವಳು ಅಪ್ಪನನ್ನು ನೋಡಿದ ನೋಟ ನನಗೆ ಇವತ್ತಿಗೂ ಮರೆಯದು. ಅವರು ಅವಳನ್ನು ನೋಡಿದರು, ಬೀಗರನ್ನು ನೋಡಿದರು, ಆಮೇಲೆ ನನ್ನನ್ನು. ಅವರ ಬಾಯಿ ಒಮ್ಮೆ ತೆರೆಯಿತು. ಹೇಳುತ್ತಾರೆ ಎಂದುಕೊಂಡೆ. ಅವರ ಬದಲು ನಾನು ಹೇಳುವಂಥ ಮಾತಲ್ಲ ಅದು. ಪೂಜಾರಿ ತಟ್ಟೆ ಹಿಡಿದ. ಅವರು ಚಿಟಿಕೆಯಲ್ಲಿ ಭಂಡಾರ ತೆಗೆದು ಅಳಿಯನ ಅಂಗೈಗೆ ಹಾಕಿದರು. ಅವನು ಅದನ್ನು ಹಣೆಗೆ ಹಚ್ಚಿಕೊಂಡು, ಮಗುವಿನ ಬೋಳು ತಲೆಗೂ ಹಚ್ಚಿ, ಮಾವನ ಕಾಲು ಮುಟ್ಟಿದ. ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರೂ ಊಟಕ್ಕೆ ಎದ್ದೆವು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಡಕಿಯ ಹತ್ತಿರ ಕುಳಿತರು. ಮುಧೋಳ ದಾಟಿದ ಮೇಲೆ, ಕಿಡಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಎರಡ ಮಾತ ಅಷ್ಟರಿ. 'ಅಳ್ಯಾರ, ನಾನೂ ಕುಡೀತಿದ್ನಿ.' ಬಾಯಿಗೆ ಬಂದಿತ್ತು."

"ಈಗೂ ಹೇಳಬಹುದಲ್ರಿ."

"ಈಗ ಹ್ಯಾಂಗ? ಈಗ ಹೇಳಿದ್ರ ಕೊಟ್ಟ ಭಂಡಾರಾ ಸುಳ್ಳಾಕ್ಕೈತಿ. ಸುಳ್ಳ ಭಂಡಾರ ಅಂತ ಗೊತ್ತಾದ್ರ ಅಂವ ಇವತ್ತ ಕುಡೀತಾನ."

ಜಮಖಂಡಿಯಲ್ಲಿ ಇಳಿದು ಅವರು ಮನೆಯ ಕಡೆ ಹೋದರು, ನಾನು ಬನಹಟ್ಟಿ ಬಸ್ಸು ಹತ್ತಿದೆ. 

ಅಳಿಯ ತಡೆದ. ಅವರು ನಂಬಿರದಷ್ಟು ದಿನ ತಡೆದ. ಮಗಳು ಫೋನಿನಲ್ಲಿ ನಗುತ್ತಾಳೆ ಎಂದು ಒಂದು ರವಿವಾರ ಅವರು ಹೇಳಿದರು. ಅಂದು ಎಲ್ಲರಿಗೂ ಚಹಾದ ಜೊತೆ ಬೆಲ್ಲದ ಚೂರು ಕೊಟ್ಟರು. ಅವನು ಕಳಿಸಿದ ಬೆಲ್ಲ. ವಕೀಲರು, "ಏನ್ರಿ, ನಿಮ್ಮ ಭಂಡಾರನ ಛಲೋ ಐತಲ್ಲ, ನಮಗೂ ಒಂದೀಟ ಕೊಡ್ರಿ" ಎಂದು ಚೇಷ್ಟೆ ಮಾಡಿದರು. ಅವರು ಬೆಲ್ಲದ ಎಲೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಹಂಗನಬ್ಯಾಡ್ರಿ" ಎಂದರು. ಮುಖದಲ್ಲಿ ಸಂತೋಷವೂ ಇತ್ತು, ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನುವಂಥ ಹೆದರಿಕೆಯೂ ಇತ್ತು.

ಹಂಗಾಮು ಮುಗಿಯುವ ದಿನಗಳಲ್ಲಿ ಫ್ಯಾಕ್ಟರಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಪಾಳಿ ಬರುವವರೆಗೆ ಡ್ರೈವರುಗಳು ಅಲ್ಲೇ ಇರಬೇಕು. ಅಲ್ಲಿ ಅವನು ಕುಡಿದ. ಒಂದು ಸಲ ಕುಡಿದದ್ದು. ಜೊತೆಯವರು ಕೊಟ್ಟರು, ತೆಗೆದುಕೊಂಡ. ಕುಡಿದ ಮೇಲೆ ಗಾಬರಿಯಾದ. ಜೊತೆಗಿದ್ದ ಡ್ರೈವರು ಆಮೇಲೆ ಹೇಳಿದ್ದು ಇದು: ಮನೆಗೆ ಹೋಗು ಎಂದರೆ ಅವನು, "ಮಗನ ತಲಿಗೆ ಹಚ್ಚಿದ ಭಂಡಾರಾ ಮುರದೇನಿ. ಮನ್ಯಾಗ ಹ್ಯಾಂಗ ಕಾಲ ಇಡ್ಲಿ? ಮಾವಾರಿಗೆ ಯಾವ ಮಾರಿ ತೋರಸ್ಲಿ? ಆ ಮನಶ್ಯಾ ಹುಟ್ಟಿದಾಗಿಂದ ಮುಟ್ಟಿಲ್ಲ, ಅವರಿಗೆ ಇದೇನ ತಿಳೀತೈತಿ" ಎಂದನಂತೆ. ಟ್ರ್ಯಾಕ್ಟರನ್ನು ಸಾಲಿನಲ್ಲೇ ಬಿಟ್ಟು ಹೋದ. ಅಲ್ಲಿ ಇಲ್ಲಿ ಕುಡಿಯುತ್ತಾ ತಿರುಗಿದ. ಕೆಲವು ದಿನಗಳ ಮೇಲೆ ಕಾಲುವೆಯಲ್ಲಿ ಹೆಣವಾಗಿ ಸಿಕ್ಕ. ಜಾರಿ ಬಿದ್ದನೋ, ಇಳಿದನೋ, ನೋಡಿದವರಿಲ್ಲ.

ಮುಂದಿನ ರವಿವಾರ ಅವರು ಬರುವುದಿಲ್ಲ ಎಂದುಕೊಂಡು ಹೋದೆವು. ಬಾಗಿಲು ತೆಗೆದಿತ್ತು. ಬೆಂಚು ಒರೆಸಿದ್ದರು. ಎದ್ದು ನಿಂತು, "ನಾನು ಕುಡುಕ. ಇವತ್ತ ಕುಡದಿಲ್ಲ" ಎಂದರು. ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ, "ಕುಡದಿಲ್ಲ ಖರೆ. ಅದರಿಂದ ಯಾರಿಗೇನಾತು?" ಎಂದರು. ಗೌಂಡಿ ಬಿಕ್ಕಿ ಬಿಕ್ಕಿ ಅತ್ತ. ಅವರು ಅಳಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕಪ್ಪು ತೊಳೆಯಲು ನಿಂತೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಆದರೂ ಬಾಯಿ ತೆರೆದೆ. "ನೀವು ನನ್ನ ಉಳಿಸೀರಿ. ವಕೀಲ್ರನ ಉಳಿಸೀರಿ. ಅದನ್ನರ ನೋಡ್ರಿ."

ಅವರು ನನ್ನ ಕೈಯಿಂದ ಕಪ್ಪು ತೆಗೆದುಕೊಂಡರು. ಮಾತು ಬಹಳ ಮೆತ್ತಗಿತ್ತು. "ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಉಳಿಸಾಕ ನಾ ಈ ಬಾಗಲಾ ತಗೀತಿದ್ದಿಲ್ಲ. ನಿಮಗ ತಗದ ಬಾಗಲದಾಗ ಒಂದಿನ ಅಂವ ಬರ್ತಾನಂತ ತಗೀತಿದ್ನಿ."

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ನಾನು ಮತ್ತೆ ಅವರ ಹೊಸ್ತಿಲು ತುಳಿಯುತ್ತಿರಲಿಲ್ಲ. ನನ್ನ ಸ್ವಭಾವ ಅಂಥದ್ದು. ಅಂದು ಸಿಟ್ಟು ಬರಲಿಲ್ಲ. ಉಳಿದ ಕಪ್ಪುಗಳನ್ನು ತೊಳೆದು, ಬೋರಲು ಹಾಕಿ ಬಂದೆ.

ಅದಾದ ಮೇಲೆ ಅವರು ನೌಕರಿಯಿಂದ ನಿವೃತ್ತರಾದರು. ಕೀಲಿ ಬೇರೆಯವರ ಕೈಗೆ ಹೋಯಿತು. ಹೊಸ ಹೆಡ್‌ಮಾಸ್ತರರು, ಸಾಲೆಯಲ್ಲಿ ಕುಡುಕರನ್ನು ಕೂರಿಸುವುದು ಬೇಡ, ಪಾಲಕರು ಮಾತಾಡುತ್ತಾರೆ ಎಂದರು. ಅವರದೂ ತಪ್ಪಲ್ಲ. ನಾವು ಕೆಲವು ವಾರ ವಕೀಲರ ಆಫೀಸಿನಲ್ಲಿ ಕುಳಿತೆವು. ಅಲ್ಲಿ ಕಕ್ಷಿದಾರರು ಬಾಗಿಲು ತಳ್ಳಿ ನೋಡುತ್ತಿದ್ದರು. ಒಬ್ಬೊಬ್ಬರೇ ಬಿಟ್ಟರು. ಗೌಂಡಿ ಮತ್ತೆ ಕುಡಿಯತೊಡಗಿದ. ಮಣ್ಣಿಗೆ ಬಂದ ದಿನವೂ ಅವನ ಬಾಯಿ ವಾಸನೆ ಹೊಡೆಯುತ್ತಿತ್ತು. ಈಗ ನಾನು ಮತ್ತು ವಕೀಲರು ಫೋನಿನಲ್ಲಿ ಮಾತಾಡುತ್ತೇವೆ. "ಹ್ಯಾಂಗ?" "ಇವತ್ತಿಲ್ಲ." "ಇಲ್ಲೂ ಇಲ್ಲ." ಅಷ್ಟೇ. ಅದನ್ನು ಮೀಟಿಂಗು ಎನ್ನಬಹುದಾದರೆ ಅದೇ ಮೀಟಿಂಗು.

ಮಗಳು ಮಗುವನ್ನು ಕರೆದುಕೊಂಡು ಅಪ್ಪನ ಮನೆಗೆ ಬಂದಳು. ಅತ್ತೆಯ ಮನೆಯವರು ಕಳಿಸಿದರೋ ಇವಳೇ ಬಂದಳೋ ನಾನು ಕೇಳಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಹಳೆಯ ಕುಡಿತದ ಬಾಕಿ ಎನ್ನುವ ಹಾಗೆ ಹೊಟ್ಟೆಯೆಲ್ಲ ಬಾತುಕೊಂಡು ಕಾಲಿಗೆ ನೀರು ಇಳಿಯಿತು. ಬಿಟ್ಟು ಎಷ್ಟು ಕಾಲವಾಗಿದ್ದರೂ ಲಿವರ್ ಲೆಕ್ಕ ಇಟ್ಟಿತ್ತು. ನಾನು ಆಗಾಗ ಹೋಗಿ ಕುಳಿತು ಬರುತ್ತಿದ್ದೆ. ಅವರು ಮಾತು ಬಿಟ್ಟಿದ್ದರು. ಕೇಳಿದರೆ ಹೂಂ, ಇಲ್ಲ. ಮೊಮ್ಮಗ ಹಾಸಿಗೆಯ ಮೇಲೆ ಹತ್ತಿ ಕುಣಿದರೂ ಬೇಡ ಎನ್ನುತ್ತಿರಲಿಲ್ಲ, ಬಾ ಎಂದೂ ಕರೆಯುತ್ತಿರಲಿಲ್ಲ.

ಕಡೆಯ ಸಲ ಹೋದ ದಿನ ಅವರು ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಹತ್ತಿದೆ ಎಂದು ನಾನು ಪಡಸಾಲೆಯಲ್ಲಿ ಕುಳಿತೆ. ಮಗಳು ಚಹಾ ತಂದುಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಕಾಕಾ, ನೀವು ಸೀರಿಯವರಲ್ಲಂತ ನನಗ ಗೊತ್ತೈತ್ರಿ. ಅಪ್ಪ ಎಲ್ಲಾ ಹೇಳ್ಯಾರ. ಅವರು ಹ್ವಾದ ಮ್ಯಾಲ ಹೇಳಿದ್ರು."

ಅವಳು "ಅವರು" ಎಂದದ್ದು ಗಂಡನನ್ನು. ನಾನು ಚಹಾದ ಕಡೆ ನೋಡಿದೆ.

"ಒಂದ ಮಾತ ಕೇಳ್ಲೇನ್ರಿ? ಆ ಸಾಲಿ ಕ್ವಾಣಿಗೆ ಬಂದವರೆಲ್ಲಾ ಬಿಡ್ತಾರೇನ್ರಿ?"

"ಇಲ್ಲವ್ವಾ. ಭಾಳ ಮಂದಿ ಬಿಡೂದಿಲ್ಲ."

"ನಮ್ಮವರು ಬಂದಿದ್ರ ಬಿಡ್ತಿದ್ರೇನ್ರಿ?"

ಬಿಡುತ್ತಿದ್ದ ಎಂದರೆ ಅವಳ ಅಪ್ಪನ ಮೇಲೆ ಕಲ್ಲು ಹೇರಿದ ಹಾಗೆ. ಬಿಡುತ್ತಿರಲಿಲ್ಲ ಎಂದರೆ ಸತ್ತವನ ಮೇಲೆ. 

"ಅದ ಯಾರಿಗೂ ಗೊತ್ತಾಗೂದಿಲ್ಲವ್ವಾ" ಎಂದೆ.

ಅವಳು ತಲೆಯಾಡಿಸಿ ಕಪ್ಪು ತೆಗೆದುಕೊಳ್ಳಲು ಬಗ್ಗಿದಳು. ಆಗ ಒಳಗಿನ ಕೋಣೆಯಿಂದ ದನಿ ಬಂತು. ನಿದ್ದೆಯವರ ದನಿಯಲ್ಲ. ಕೋಣೆಯಲ್ಲಿ ಎದ್ದು ನಿಂತಾಗ ಇರುತ್ತಿದ್ದ, ಏರಿದ ಹಾಗೂ ಇಲ್ಲದ ಇಳಿದ ಹಾಗೂ ಇಲ್ಲದ ದನಿ.

"ಬಿಡ್ತಿದ್ದ."

ನಾನು ಕುಳಿತಲ್ಲಿಂದ ಎದ್ದೆ.

"ನಾ ಕರದಿದ್ರ ಬರ್ತಿದ್ದ. ಬಂದಿದ್ರ ಬಿಡ್ತಿದ್ದ."

ಮಗಳು ಕಪ್ಪನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಹೋದಳು. ಅವರ ಮಗ್ಗುಲಲ್ಲಿ ಕುಳಿತದ್ದು ಚೌಕಟ್ಟಿನಿಂದ ಕಂಡಿತು. ಅವಳು ಅವರ ಬೆನ್ನ ಮೇಲೆ ಕೈಯಿಟ್ಟಳು. ಅವರು ಗೋಡೆಯಿಂದ ಮುಖ ತಿರುಗಿಸಲಿಲ್ಲ, ಅವಳು ಕೈ ತೆಗೆಯಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು, ಬರುತ್ತೇನೆ ಎಂದೂ ಹೇಳದೆ ಬಂದುಬಿಟ್ಟೆ.